ಮೊದಲ ಕಾರ್ನ್ ಸ್ನೇಕ್‌ಗೆ ಯಾವ ಬಣ್ಣ? ಸ್ನೋ, ಅನೆರಿ ಮೋಟ್ಲಿ, ನಾರ್ಮಲ್ ಮೂರರಲ್ಲಿ ತೀರ್ಮಾನ ಆಗ್ತಿಲ್ಲ

ಕಬ್ಬಿನಗದ್ದೆ_ಮಂಡ್ಯ

ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದ್ಕೊಂಡಿದ್ದೆ, ಮೊದಲ ಸಲ ಬರೀತಿದೀನಿ. ಊರು ಮಂಡ್ಯ ಹತ್ರ, ಕೆಲಸ ಮೈಸೂರಲ್ಲಿ, ದಿನಾ ಟ್ರೈನಲ್ಲಿ ಓಡಾಡ್ತೀನಿ, ಹಂಗಾಗಿ ತಗೋಬೇಕು ಅಂತಿರೋ ಕಾರ್ನ್ ಸ್ನೇಕ್ (ಅಮೆರಿಕದ, ವಿಷ ಇಲ್ಲದ ಹಾವು) ಊರ ಮನೇಲೇ ಇರುತ್ತೆ. ಬಾಕ್ಸು, ಹೀಟ್ ಮ್ಯಾಟು, ಥರ್ಮೋಸ್ಟಾಟು, ಅಡಗಿಕೊಳ್ಳೋಕೆ ಎರಡು ಜಾಗ, ನೀರಿನ ಬಟ್ಲು ಎಲ್ಲಾ ರೆಡಿ ಮಾಡ್ಕೊತಿದೀನಿ, ಅದರ ಬಗ್ಗೆ ಡೌಟಿಲ್ಲ. ಸಿಕ್ಕಾಕೊಂಡಿರೋದು ಬಣ್ಣದ ವಿಷಯದಲ್ಲಿ.

ಬ್ರೀಡರ್ ಮೂರು ಮರಿ ಫೋಟೋ ಕಳ್ಸಿದಾರೆ. ಒಂದು ಸ್ನೋ, ಪೂರ್ತಿ ತಿಳಿ ಗುಲಾಬಿ, ಕಣ್ಣು ಕೆಂಪು. ಇನ್ನೊಂದು ಅನೆರಿ ಮೋಟ್ಲಿ, ಬೂದಿ ಬಣ್ಣ, ಬೆನ್ನಿನ ಮೇಲೆ ಸಾಲಾಗಿ ದುಂಡು ದುಂಡು ಮಚ್ಚೆ, ನಿಜ ಹೇಳ್ಬೇಕು ಅಂದ್ರೆ ನಂಗೆ ಮನಸು ಹೋಗಿರೋದು ಅದರ ಮೇಲೇ. ಮೂರನೇದು ನಾರ್ಮಲ್, 'ಹೆಟ್ ಅಮೆಲ್' ಅಂತ ಬರ್ದಿದಾರೆ, ಆದ್ರೆ ಫೋಟೋದಲ್ಲಿ ಮಂಕಾಗಿ ಕಂದು ಬಣ್ಣ ಕಾಣ್ತಿದೆ, ನೆಟ್ಟಲ್ಲಿ ನೋಡೋ ಕಿತ್ತಳೆ ಬಣ್ಣದ ಕಾರ್ನ್ ಸ್ನೇಕ್ ಥರ ಇಲ್ವೇ ಇಲ್ಲ.

ಇದರ ಮೇಲೆ ಮನೆ ಕಡೆ ಒಂದು ವಿಷಯ ಇದೆ. ಹೋದ ವರ್ಷ ಕಬ್ಬು ಕಡಿಯೋವಾಗ ನಮ್ಮ ಪಕ್ಕದ ಗದ್ದೇಲಿ ಕೆಲಸಕ್ಕೆ ಬಂದಿದ್ದೋರಿಗೆ ಕೊಳಕುಮಂಡಲ ಕಚ್ತು, ಕಿಡ್ನಿಗೆ ಏಟು ಬಿದ್ದು ಡಯಾಲಿಸಿಸ್ ಆಗಿ ಹೆಂಗೋ ಬದುಕೊಂಡ್ರು. ಅವ್ವ ಅದನ್ನ ಕಣ್ಣಾರೆ ನೋಡಿದಾರೆ. ಆದ್ರೂ ನಾನು ಎರಡು ವರ್ಷ ಹೇಳಿ ಹೇಳಿ ಒಪ್ಪಿಸಿದೀನಿ, ಅವರು ಹಾಕಿರೋ ಕಂಡೀಷನ್ ಒಂದೇ, "ಸಾಕ್ಕೋ ಮಗಾ, ಆದ್ರೆ ನೋಡಿದ ತಕ್ಷಣ ಎದೆ ಝಲ್ ಅನ್ನೋ ಹಂಗಿರ್ಬಾರ್ದು". ಹದಿನೈದು ಇಪ್ಪತ್ತು ವರ್ಷ ಇರೋ ಜೀವ, ಒಂದ್ಸಲ ತಗೊಂಡ್ರೆ ಮುಗೀತು, ಅದಕ್ಕೇ ಆತುರ ಮಾಡ್ತಿಲ್ಲ. ಮೂರರಲ್ಲಿ ಯಾವುದು? ಇಲ್ಲ ಬೇರೆ ಬಣ್ಣ ಕೇಳ್ಲಾ?

ಯಾದವಗಿರಿ_9

ಮೈಸೂರು ಯಾದವಗಿರಿ ಇಂದ. ನನ್ನತ್ರ ಈಗ ನಾಕು ಕಾರ್ನ್ಸ್ ಇದಾವೆ, ಹಳೇದಕ್ಕೆ ಒಂಬತ್ತು ವರ್ಷ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ಒಂದು ಮಾತು, ಮರಿ ಫೋಟೋ ನೋಡಿ ಬಣ್ಣ ತೀರ್ಮಾನ ಮಾಡ್ಬೇಡಿ. ಕಾರ್ನ್ ಸ್ನೇಕ್‌ಗಳಲ್ಲಿ ಮರಿ ಬಣ್ಣನೇ ಬೇರೆ, ದೊಡ್ಡದಾದ ಮೇಲಿನ ಬಣ್ಣನೇ ಬೇರೆ. ಮೊಟ್ಟೆಯಿಂದ ಆಚೆ ಬಂದಾಗ ಒಂದು ಗೇಣಿಗಿಂತ ಸ್ವಲ್ಪ ಉದ್ದ ಇರುತ್ತೆ, ದಪ್ಪ ಅಂದ್ರೆ ಪೆನ್ಸಿಲ್‌ಗಿಂತ ಸಣ್ಣ, ಆಗ ನಾರ್ಮಲ್ ಮರಿ ನೀವು ಹೇಳಿದ ಹಂಗೇ ಮಂಕಾಗಿ ಬೂದಿ ಮೇಲೆ ಕೆಂಗಂದು ಮಚ್ಚೆ. ಆಮೇಲೆ ಒಂದೊಂದು ಪೊರೆ ಬಿಟ್ಟಾಗ್ಲೂ ಸ್ವಲ್ಪ ಸ್ವಲ್ಪ ಕಿತ್ತಳೆ ಏರುತ್ತೆ, ಎರಡು ಮೂರು ವರ್ಷಕ್ಕೆ ನೀವು ನೆಟ್ಟಲ್ಲಿ ನೋಡಿದ ಬಣ್ಣಕ್ಕೆ ಬರುತ್ತೆ. ಇನ್ನೊಂದು, ಬ್ರೀಡರ್‌ಗಳು ಫೋಟೋ ತೆಗೆಯೋದು ಸಾಮಾನ್ಯವಾಗಿ ಪೊರೆ ಬಿಟ್ಟ ಮಾರನೇ ದಿನ, ಅವತ್ತು ಯಾವ ಹಾವಾದ್ರೂ ಹೊಸ ರೇಷ್ಮೆ ಸೀರೆ ಥರ ಹೊಳೀತಿರುತ್ತೆ. ಪೊರೆಗೆ ಬಂದಾಗಿನ ಫೋಟೋನೂ ಕೇಳಿ, ಕಣ್ಣು ಹಾಲುನೀಲಿ ಆಗಿ ಮೈಯೆಲ್ಲ ಮಬ್ಬಾಗಿರುತ್ತಲ್ಲ, ಅದೂ ನಿಮ್ಮ ಹಾವೇ. ಎಲ್ಲಕ್ಕಿಂತ ಮುಖ್ಯ, ಅಪ್ಪ ಅಮ್ಮ ಹಾವುಗಳ ಫೋಟೋ ಕೇಳಿ. ಮರಿ ಮುಂದೆ ಹೆಂಗಾಗುತ್ತೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಈಗ ಬಣ್ಣದ ಲೆಕ್ಕ. ನಾರ್ಮಲ್ ಕಾರ್ನ್ ಸ್ನೇಕಲ್ಲಿ ಕಪ್ಪು, ಕೆಂಪು, ಹಳದಿ ಬಣ್ಣ ಇರ್ತಾವೆ. ಕಪ್ಪು ಇಲ್ದೇ ಹುಟ್ಟಿದ್ರೆ ಅಮೆಲ್, ಕೆಂಪು ಕಿತ್ತಳೆ ಬಿಳಿ ಉಳ್ಕೊಳುತ್ತೆ, ಕಣ್ಣು ಕೆಂಪು. ಕೆಂಪು ಇಲ್ದೇ ಹುಟ್ಟಿದ್ರೆ ಅನೆರಿ, ಕಪ್ಪು ಬೂದಿ ಉಳ್ಕೊಳುತ್ತೆ. ಎರಡೂ ಇಲ್ಲ ಅಂದ್ರೆ ಸ್ನೋ. ಅಮೆಲ್, ಅನೆರಿ ಎರಡೂ ರಿಸೆಸಿವ್, ಅಂದ್ರೆ ಅಪ್ಪನ ಕಡೆಯಿಂದ ಒಂದು ಅಮ್ಮನ ಕಡೆಯಿಂದ ಒಂದು ಜೀನ್ ಬಂದ್ರೇನೇ ಆ ಬಣ್ಣ ಕಾಣೋದು. ಒಂದೇ ಬಂದ್ರೆ ಅದು ಹೆಟ್, ನೋಡೋಕೆ ನಾರ್ಮಲ್, ಒಳಗೆ ಆ ಜೀನ್ ಇಟ್ಕೊಂಡಿರುತ್ತೆ. ಎರಡಕ್ಕೂ ಹೆಟ್ ಆಗಿರೋ ಜೋಡಿ ಕೂಡಿದ್ರೆ ಸರಾಸರಿ 16 ಮರೀಲಿ ಒಂದು ಸ್ನೋ. ನೀವು ಮರಿ ಮಾಡ್ಸೋ ಯೋಚನೆ ಇಲ್ದೇ ಒಂದೇ ಒಂದು ಸಾಕೋರಾದ್ರೆ 'ಹೆಟ್ ಅಮೆಲ್' ಅನ್ನೋ ಪದಕ್ಕೆ ಒಂದು ರೂಪಾಯಿನೂ ಜಾಸ್ತಿ ಕೊಡ್ಬೇಡಿ, ಆ ಜೀನ್ ನಿಮ್ಮ ಕಣ್ಣಿಗೆ ಯಾವತ್ತೂ ಕಾಣಲ್ಲ.

ಸ್ನೋ ಬಗ್ಗೆ ಹೇಳ್ತೀನಿ ಯಾಕಂದ್ರೆ ನನ್ನತ್ರ ಒಂದಿದೆ, ಆರು ವರ್ಷ. ಮರಿ ಇದ್ದಾಗ ಗುಲಾಬಿ, ಮಚ್ಚೆ ಇದೆಯೋ ಇಲ್ವೋ ಅನ್ನೋ ಹಂಗಿತ್ತು. ಈಗ ಕೆನೆ ಬಿಳಿ, ಮೇಲೆ ತಿಳಿ ಹಳದಿ ಮಿಶ್ರ ಮಚ್ಚೆ, ಗದ್ದ ಮತ್ತೆ ಕತ್ತಿನ ಪಕ್ಕ ಅರಿಶಿನದ ಕೈಯಲ್ಲಿ ಮುಟ್ಟಿದ ಹಂಗೆ ಹಳದಿ. ಅನೆರಿಗೂ ದೊಡ್ಡದಾಗ್ತಾ ಕತ್ತಲ್ಲಿ ಅದೇ ಹಳದಿ ಬರುತ್ತೆ. ಕೆಲವ್ರು ಅಚ್ಚ ಬಿಳಿ ಹಾವು ಅಂತ ಸ್ನೋ ತಗೊಂಡು ಆಮೇಲೆ ಬೇಜಾರು ಮಾಡ್ಕೊತಾರೆ. ನಂಗಂತೂ ಆ ಅರಿಶಿನ ಬಹಳ ಇಷ್ಟ.

ಅಂದಹಾಗೆ ನಿಮ್ಮವ್ವಂಗೆ ಹೊಟ್ಟೆ ಕಡೆ ತೋರ್ಸಿ. ನಾರ್ಮಲ್ ಕಾರ್ನ್ ಸ್ನೇಕ್ ಹೊಟ್ಟೇಲಿ ಕಪ್ಪು ಬಿಳಿ ಚೌಕ ಚೌಕ ಇರುತ್ತೆ, ಅಮೆರಿಕದ ಬಣ್ಣ ಬಣ್ಣದ ಮುಸುಕಿನ ಜೋಳದ ತೆನೆ ಥರ, ಹೆಸರು ಅದರಿಂದ ಬಂತು ಅಂತಾರೆ, ಜೋಳದ ಕಣಜದಲ್ಲಿ ಇಲಿ ಹಿಡಿಯೋಕೆ ಬರ್ತಿದ್ದರಿಂದ ಬಂತು ಅಂತನೂ ಹೇಳ್ತಾರೆ. ಮೋಟ್ಲಿ ಅನ್ನೋದು ಬಣ್ಣ ಅಲ್ಲ, ಮಚ್ಚೆ ಡಿಸೈನ್ ಹೆಸರು, ಅದಕ್ಕೆ ಮಾತ್ರ ಹೊಟ್ಟೆ ಕಡೆ ಆ ಚೌಕ ಇರಲ್ಲ.

ಬೋಗಾದಿ_ಬಾಯ್

ಅಮೆಲ್ ಗುರು. ಯೋಚ್ನೆನೇ ಬೇಡ. ಸಿಗೋದೂ ಸುಲಭ, ಬೆಲೆನೂ ಬಾಕಿ ಬಣ್ಣದ ತಳಿ, ಅಂದ್ರೆ ಮಾರ್ಫ್‌ಗಳಿಗಿಂತ ಕಮ್ಮಿ, ಟ್ಯೂಬ್‌ಲೈಟ್ ಬೆಳಕಲ್ಲೂ ಚೆನ್ನಾಗಿ ಕಾಣುತ್ತೆ. ಅನೆರಿ ಫೋಟೋದಲ್ಲಿ ಸೂಪರ್, ಮನೇಲಿ ಕಂದು ತೊಗಟೆ ಚೂರಿನ ಮೇಲೆ ಇಟ್ರೆ ಎಲ್ಲಿದೆ ಅಂತ ಹುಡುಕ್ಬೇಕು.

ಹಾವು_ರೆಸ್ಕ್ಯೂ_ಶ್ರೀರಂಗಪಟ್ಟಣ

ನಮಸ್ತೆ. ನಾನು ಸಾಕೋನಲ್ಲ, ಹನ್ನೊಂದು ವರ್ಷದಿಂದ ಶ್ರೀರಂಗಪಟ್ಟಣ ಪಾಂಡವಪುರ ಕಡೆ ಮನೆಗೆ ನುಗ್ಗಿದ ಹಾವು ಹಿಡಿದು ಬಿಡೋನು. ನಿಮ್ಮ ಪೋಸ್ಟಲ್ಲಿ ಅವ್ವನ ಮಾತು ಓದಿ ಬರೀಲೇಬೇಕು ಅನ್ನಿಸ್ತು.

ತಮ್ಮಾ, ಅನೆರಿ ಮೋಟ್ಲಿ ದಯವಿಟ್ಟು ಬೇಡ. ಹಾವು ಕೆಟ್ಟದ್ದು ಅಂತಲ್ಲ, ನಿಮ್ಮೂರಿಗೆ ಆ ಡಿಸೈನ್ ಅಪಾಯ, ಅದೂ ಹಾವಿಗೇ ಅಪಾಯ. ಕೊಳಕುಮಂಡಲದ ಬೆನ್ನು ನೆನಪು ಮಾಡ್ಕೊಳಿ, ಸರಪಳಿ ಥರ ಸಾಲಾಗಿ ದುಂಡು ಮಚ್ಚೆ, ಸುತ್ತ ಅಂಚು. ಈಗ ಮೋಟ್ಲಿ ಬೆನ್ನು ನೋಡಿ. ಹತ್ರದಿಂದ ಗೊತ್ತಿರೋರು ನೋಡಿದ್ರೆ ಒಂದಕ್ಕೊಂದು ಸಂಬಂಧನೇ ಇಲ್ಲ, ಮಂಡಲದ್ದು ದಪ್ಪ ಮೈ, ತ್ರಿಕೋನ ತಲೆ, ಕುಕ್ಕರ್ ಸೀಟಿ ಥರ ಬುಸುಗುಟ್ಟೋದು, ಕಾರ್ನ್ ಸ್ನೇಕ್ ಸಪೂರ, ಉದ್ದ ತಲೆ. ಆದ್ರೆ ಸಂಜೆ ಏಳು ಗಂಟೆಗೆ ಕರೆಂಟ್ ಇಲ್ದೇ ಇರೋವಾಗ ಹಟ್ಟಿ ಗೋಡೆ ಪಕ್ಕ ಬೂದಿ ಬಣ್ಣದ ಮೈ ಮೇಲೆ ಸಾಲು ಮಚ್ಚೆ ಕಂಡ್ರೆ ಯಾರೂ ತಲೆ ಆಕಾರ ನೋಡ್ತಾ ಕೂರಲ್ಲ, ದೊಣ್ಣೆ ತರ್ತಾರೆ. ಕೆರೆಹಾವನ್ನೇ ನಾಗರಹಾವು ಅಂತ ಹೊಡೆದು ಹಾಕಿ ಆಮೇಲೆ ನಂಗೆ ಫೋನ್ ಮಾಡಿರೋದು ಎಷ್ಟೋ ಸಲ. ಇನ್ನೊಂದು ಕಡೆಯಿಂದನೂ ಯೋಚ್ನೆ ಮಾಡಿ, ಮನೇಲಿ ಇಂಥ ಹಾವು ನೋಡಿ ನೋಡಿ ಅಭ್ಯಾಸ ಆದ ಮಕ್ಕಳು ನಾಳೆ ಗದ್ದೇಲಿ ನಿಜವಾದ ಮಂಡಲ ಕಂಡಾಗ 'ಇದು ನಮ್ಮ ಮನೇದು' ಅಂತ ಕೈ ಹಾಕಿದ್ರೆ? ಈ ಭಯ ನಂಗೆ ಮೊದಲನೇದಕ್ಕಿಂತ ಜಾಸ್ತಿ.

ನಾರ್ಮಲ್‌ಗೂ ಕಂದು ಮಚ್ಚೆ ಇರೋದ್ರಿಂದ ಇದೇ ಮಾತು, ಸ್ವಲ್ಪ ಕಮ್ಮಿ ಅಷ್ಟೇ. ನಮ್ಮ ಕಡೆ ಯಾವ ಹಾವಿನ ಥರನೂ ಕಾಣದೇ ಇರೋ ಬಣ್ಣ ತಗೊಳಿ. ಕಿತ್ತಳೆ ಬಿಳಿ ಅಮೆಲ್ ಕಂಡ್ರೆ ಊರೋರು 'ಇದೇನೋ ಹೊಸದು' ಅಂತ ಒಂದು ಕ್ಷಣ ನಿಲ್ತಾರೆ. ಆ ಒಂದು ಕ್ಷಣದಲ್ಲೇ ಹಾವು ಬದುಕೋದು.

ಕಾರ್ನ್ ಸ್ನೇಕ್ ತಪ್ಪಿಸ್ಕೊಳ್ಳೋದ್ರಲ್ಲಿ ಬಹಳ ಚಾಲಾಕು. ಮುಚ್ಚಳದ ಸಂದೀಲಿ ಮರಿ ತಲೆ ತೂರಿದ್ರೆ ಮೈಯೂ ಬಂದಂಗೇ. ಮುಚ್ಚಳಕ್ಕೆ ಕ್ಲಿಪ್ ನಾಕೂ ಕಡೆ ಇರ್ಬೇಕು. ಬೇಜಾರಾಯ್ತು ಅಂತ ಯಾವತ್ತೂ ಗದ್ದೆಗೆ ಬಿಡೋ ಹಂಗಿಲ್ಲ, ಇದು ಅಮೆರಿಕದ ಆಗ್ನೇಯ ಭಾಗದ ಹಾವು, ಗ್ರ್ಯಾಂಡ್ ಕೇಮನ್ ಥರದ ದ್ವೀಪಗಳಿಗೆ ಮನುಷ್ಯರ ಜೊತೆ ಹೋಗಿ ಅಲ್ಲೇ ಬೇರೂರಿರೋ ಉದಾಹರಣೆ ಇದೆ.

ಯಾರಾದ್ರೂ 'ಕಮ್ಮಿ ಬೆಲೆಗೆ ಲೋಕಲ್ ಹಾವು ಕೊಡ್ತೀನಿ' ಅಂದ್ರೆ, ಮಣ್ಣುಮುಕ್ಕ ಆಗ್ಲಿ ಹೆಬ್ಬಾವಿನ ಮರಿ ಆಗ್ಲಿ, ಆ ಕಡೆ ತಿರುಗೂ ನೋಡ್ಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಕಾಡಿನ ಹಾವು ಮನೇಲಿ ಇಟ್ಕೊಳ್ಳೋದು ಅಪರಾಧ. ವಿದೇಶಿ ಪ್ರಾಣಿಗಳ ಲೆಕ್ಕ ಬೇರೆ. 2022ರ ತಿದ್ದುಪಡಿ ಆದ್ಮೇಲೆ ಸೈಟಿಸ್ (ಅಪಾಯದಲ್ಲಿರೋ ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರೋ ಪ್ರಾಣಿ ಇಟ್ಕೊಂಡೋರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡ್ಸ್ಬೇಕು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ, ಕಾರ್ನ್ ಸ್ನೇಕ್ ಇಲ್ಲ. ಆದ್ರೂ ಬಿಲ್ಲು, ಮರಿ ಇಲ್ಲೇ ಹುಟ್ಟಿದ್ದು ಅನ್ನೋದಕ್ಕೆ ಬ್ರೀಡರ್ ಕೈಬರಹ, ಎರಡನ್ನೂ ಇಸ್ಕೊಂಡು ಫೈಲ್ ಮಾಡಿ, ದುಡ್ಡು ಕೊಡೋಕೆ ಮುಂಚೆ ಅಶೋಕಪುರಂ ಅರಣ್ಯ ಭವನಕ್ಕೆ ಹೋಗಿ ಒಂದ್ಸಲ ಕೇಳ್ಕೊಂಡು ಬನ್ನಿ, ಹೆಂಗೂ ದಿನಾ ಮೈಸೂರಿಗೆ ಬರ್ತೀರಲ್ಲ.

ಯಾದವಗಿರಿ_9

ಶ್ರೀರಂಗಪಟ್ಟಣದ ಅಣ್ಣ ಹೇಳಿದ್ದನ್ನ ನಾನು ಯೋಚ್ನೆನೇ ಮಾಡಿರ್ಲಿಲ್ಲ. ಒಂಬತ್ತು ವರ್ಷದಿಂದ ಸಿಟೀಲಿ ಮೊದಲ ಮಹಡೀಲಿ ಸಾಕ್ತಿರೋನು ನಾನು, ಗದ್ದೆ ಪಕ್ಕದ ಮನೆ ಲೆಕ್ಕ ಬೇರೆ. ಅಣ್ಣನ ಮಾತು ನೂರಕ್ಕೆ ನೂರು ಒಪ್ತೀನಿ.

ವೆಟ್_ಕುವೆಂಪುನಗರ

ಬಣ್ಣದ ಚರ್ಚೆ ಚೆನ್ನಾಗಿದೆ, ಆದ್ರೆ ನನ್ನ ಟೇಬಲ್ ಮೇಲೆ ಬರೋ ಕಾರ್ನ್ ಸ್ನೇಕ್ ಮರಿಗಳಲ್ಲಿ ಅರ್ಧಕ್ಕರ್ಧ ಬಣ್ಣ ನೋಡಿ ತಗೊಂಡು ಊಟ ಮಾಡುತ್ತಾ ಅಂತ ಕೇಳದೇ ಇದ್ದೋರದ್ದು. ಒಂದು ಹುಡುಗಿ ತಂದಿದ್ಲು, ಬಹಳ ಚೆಂದದ ಲ್ಯಾವೆಂಡರ್ ಅನ್ನೋ ಬಣ್ಣದ ಮರಿ, ಬೆನ್ನುಮೂಳೆ ಕೈಗೆ ಸಿಗ್ತಿತ್ತು, ಮೈ ದುಂಡಗೆ ಇರೋ ಬದಲು ತ್ರಿಕೋನ ಆಗಿತ್ತು. ಮಾರಿದೋರು 'ತಿನ್ನುತ್ತೆ' ಅಂದಿದ್ರಂತೆ, ಇವಳ ಮನೇಲಿ ಐದು ವಾರ ಒಂದು ಪಿಂಕಿನೂ (ಕೂದಲು ಬರದ ಇಲಿಮರಿ) ಮುಟ್ಟಿರ್ಲಿಲ್ಲ. ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ಆ ಹುಡುಗಿ ಮುಖ ಇನ್ನೂ ಮರ್ತಿಲ್ಲ ನಾನು.

ಅದಕ್ಕೇ ಯಾವ ಬಣ್ಣನೇ ಆಗ್ಲಿ, ತಾನಾಗೇ ಕನಿಷ್ಠ ಐದು ಊಟ ಮಾಡಿರೋ ಮರಿ ಮಾತ್ರ ತಗೊಳಿ, ಅದೂ ಫ್ರೋಜನ್ ಇಲಿಮರಿ ಕರಗಿಸಿ ಕೊಟ್ಟಿದ್ದು. ಯಾವ ತಾರೀಕು, ಎಷ್ಟು ಗ್ರಾಂ ಅಂತ ಬರ್ದಿಟ್ಟಿರೋ ಚೀಟಿ ಕೇಳಿ. ಸಾಧ್ಯ ಆದ್ರೆ ನಿಮ್ಮೆದುರೇ ತಿನ್ನಿಸಿ ತೋರ್ಸಿ ಅನ್ನಿ. ಕೈಗೆ ತಗೊಂಡಾಗ ಮೈ ದುಂಡಗೆ ಬಿಗಿಯಾಗಿರ್ಬೇಕು, ಬಾಲದ ತುದೀಲಿ ಹಳೇ ಪೊರೆ ಅಂಟಿರ್ಬಾರ್ದು, ಬಾಯಲ್ಲಿ ಗುಳ್ಳೆ ಲೋಳೆ ಇರ್ಬಾರ್ದು. ಬಿಳಿ ಟಿಶ್ಯೂ ಪೇಪರ್ ಒದ್ದೆ ಮಾಡಿ ಮೈ ಮೇಲೆ ಮೆಲ್ಲಗೆ ಎಳೀರಿ, ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕಿ ಬಂದು ಅದು ನಡೆದಾಡಿದ್ರೆ ಮೈಟ್ಸ್, ಅಂದ್ರೆ ರಕ್ತ ಹೀರೋ ಹುಳ, ಬೇಡ ಅಂತ ವಾಪಸ್ ಬನ್ನಿ. ಮರಿ ಬಾಲ ಅಲ್ಲಾಡ್ಸಿ ಕೈಗೆ ಕುಟುಕೋಕೆ ಬಂದ್ರೆ ಹೆದರ್ಬೇಡಿ, ಚಿಕ್ಕ ಮರಿಗಳು ಹಂಗೇ, ದೊಡ್ಡದಾಗ್ತಾ ಸಾಧು ಆಗ್ತಾವೆ.

ಮಾರ್ಫ್ ವಿಷಯದಲ್ಲಿ ಎರಡೇ ಎಚ್ಚರಿಕೆ. ಸನ್‌ಕಿಸ್ಡ್ ಅನ್ನೋ ಮಾರ್ಫ್ ತಗೊಳೋದಾದ್ರೆ ಸ್ಟಾರ್‌ಗೇಜರ್ ಬಗ್ಗೆ ಕೇಳಲೇಬೇಕು, ಆ ವಂಶದಲ್ಲಿ ಕಂಡುಬಂದ ನರದ ಕಾಯಿಲೆ ಅದು, ಮರಿ ತಲೆ ಮೇಲಕ್ಕೆ ತಿರುಚಿಕೊಂಡು ನೆಟ್ಟಗೆ ಹರಿಯೋಕೆ ಆಗಲ್ಲ, ಟೆಸ್ಟ್ ಮಾಡ್ಸಿರೋ ಹಾವಿನ ಮರಿ ಆದ್ರೆ ಸರಿ. ಇನ್ನೊಂದು ಸ್ಕೇಲ್‌ಲೆಸ್, ಮೈ ಮೇಲೆ ಹುರುಪೆ ಇಲ್ಲದ್ದು. ಮೊದಲ ಹಾವು ಅಂತ ಅದನ್ನ ನಾನು ಯಾರಿಗೂ ಹೇಳಲ್ಲ, ಚರ್ಮಕ್ಕೆ ಗಾಯ ಆಗೋದು ಸುಲಭ. ಅಮೆಲ್, ಅನೆರಿ, ಸ್ನೋ, ಮೋಟ್ಲಿಗೆ ಅಂಥ ತೊಂದ್ರೆ ಏನಿಲ್ಲ, ಅಮೆಲ್ ಸ್ನೋಗಳ ಕೆಂಪು ಕಣ್ಣಿಗೆ ಜೋರು ಬೆಳಕು ಬೀಳದ ಹಾಗೆ ನೋಡ್ಕೊಳಿ ಸಾಕು.

ನೀವು ಮಂಡ್ಯದೋರು ಅಂದ್ರಲ್ಲ, ಕಬ್ಬಿನ ಗದ್ದೇಲಿ ಸಿಗೋ ಇಲಿ ಯಾವ ಕಾರಣಕ್ಕೂ ಕೊಡ್ಬೇಡಿ. ಇಲಿಪಾಷಾಣ ತಿಂದಿರೋ ಇಲಿ ತಿಂದ್ರೆ ಹಾವೂ ಹೋಗುತ್ತೆ.

ಕಬ್ಬಿನಗದ್ದೆ_ಮಂಡ್ಯ

ಎಲ್ರಿಗೂ ತುಂಬಾ ಥ್ಯಾಂಕ್ಸ್. ರೆಸ್ಕ್ಯೂ ಅಣ್ಣನ ಪೋಸ್ಟ್ ಓದಿದ್ಮೇಲೆ ಅನೆರಿ ಮೋಟ್ಲಿ ಫೋಟೋ ಪ್ರಿಂಟ್ ತೆಗ್ಸಿ ಅವ್ವಂಗೆ ತೋರ್ಸಿದೆ, ಏನೂ ಹೇಳ್ದೇ. ಎರಡು ಸೆಕೆಂಡ್ ನೋಡಿ ಫೋಟೋ ತಿರುವಿ ಹಾಕ್ಬಿಟ್ರು. ಮನಸಿಗೆ ಸ್ವಲ್ಪ ಕಷ್ಟ ಆಯ್ತು, ಆದ್ರೆ ಅದು ಮುಗೀತು.

ಈಗ ಅಮೆಲ್ ಕಡೆ ಬಂದಿದೀನಿ. ಬ್ರೀಡರ್ ಹತ್ರ ಕೇಳ್ದೆ, ಎರಡು ಅಮೆಲ್ ಇದಾವಂತೆ. ಒಂದನ್ನ ಕ್ಯಾಂಡಿಕೇನ್ ಅಂತ ಕರೀತಾರೆ, ಬಿಳಿ ಮೈ ಮೇಲೆ ಕೆಂಪು ಮಚ್ಚೆ, ಬೆಲೆ ಜಾಸ್ತಿ. ಇನ್ನೊಂದು ಸಾದಾ ಅಮೆಲ್. ಜಾಸ್ತಿ ದುಡ್ಡು ಕೊಟ್ಟು ಕ್ಯಾಂಡಿಕೇನ್ ತಗೊಳ್ಲಾ? ಡಾಕ್ಟ್ರೆ, ನೀವು ಹೇಳಿದ ಊಟದ ಚೀಟಿ ಎರಡರದ್ದೂ ಕೇಳಿದೀನಿ.

ಯಾದವಗಿರಿ_9

ಕ್ಯಾಂಡಿಕೇನ್ ಅನ್ನೋದು ಬೇರೆ ಜೀನ್ ಅಲ್ಲ, ಅಮೆಲ್ ಅನ್ನೇ ಆರಿಸಿ ಆರಿಸಿ ಮೈ ಬಿಳಿ ಇರೋ ಹಂಗೆ ತಳಿ ಮಾಡಿರೋದು. ಮರೀಲಿ ಬಿಳಿ ಇರೋದು ದೊಡ್ಡದಾಗ್ತಾ ಕಿತ್ತಳೆ ಹತ್ತೋದು ಬಹಳ ಸಾಮಾನ್ಯ. ಮೂರು ವರ್ಷ ಆದ ಅಪ್ಪ ಅಮ್ಮನ ಮೈ ಇನ್ನೂ ಬಿಳಿ ಇದ್ರೆ ಯೋಚ್ನೆ ಮಾಡಿ, ಇಲ್ಲ ಅಂದ್ರೆ ನೀವು ದುಡ್ಡು ಕೊಡ್ತಿರೋದು ಹೆಸರಿಗೆ. ಹಂಗೇ ರಿವರ್ಸ್ ಓಕಿಟಿ ಅಂತ ಒಂದಿದೆ, ಅದೂ ಅಮೆಲ್ಲೇ, ಮಚ್ಚೆ ಸುತ್ತ ದಪ್ಪ ಬಿಳಿ ಅಂಚು, ಸನ್‌ಗ್ಲೋ ಅಂದ್ರೆ ಆ ಅಂಚು ಇಲ್ದೇ ಪೂರ್ತಿ ಕಿತ್ತಳೆ. ಒಳಗಿರೋ ಜೀನ್ ಎಲ್ಲದಕ್ಕೂ ಒಂದೇ. ಮೊದಲ ಅಮೆಲ್ ಕಾಡಿಂದ ಸಿಕ್ಕಿದ್ದು 1953ರಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ, ಇಷ್ಟು ವರ್ಷ ಆರಿಸಿದ್ರ ಫಲ ಇದು.

ನನ್ನ ಹಳೇ ಅಮೆಲ್ ಸಾದಾನೇ. ಬೆಳಗ್ಗೆ ಕಿಟಕಿ ಬೆಳಕಲ್ಲಿ ಕೈಗೆ ತಗೊಂಡ್ರೆ ಮಚ್ಚೆ ಮಧ್ಯ ಕುಂಕುಮ, ಅಂಚಿಗೆ ಸುಣ್ಣದ ಗೆರೆ, ಮೈ ಕಿತ್ತಳೆ ತೊಳೆ ಬಣ್ಣ. ಒಂಬತ್ತು ವರ್ಷ ಆಯ್ತು, ಪೊರೆ ಬಿಟ್ಟ ದಿನ ಆಫೀಸಿಗೆ ಲೇಟಾಗಿ ಹೋಗ್ತೀನಿ ಈಗ್ಲೂ.

ಕಬ್ಬಿನಗದ್ದೆ_ಮಂಡ್ಯ

ಅಪ್‌ಡೇಟ್. ಅರಣ್ಯ ಭವನಕ್ಕೆ ಹೋಗಿ ಕೇಳ್ಕೊಂಡು ಬಂದೆ, ಪೇಪರ್ ಇಟ್ಕೊಳಿ ಅಂದ್ರು. ಭಾನುವಾರ ಬ್ರೀಡರ್ ಮನೆಗೆ ಹೋಗಿದ್ದೆ. ಕ್ಯಾಂಡಿಕೇನ್ ಮರಿ ನೋಡೋಕೆ ಬಹಳ ಚೆನ್ನಾಗಿತ್ತು, ಆದ್ರೆ ಚೀಟೀಲಿ ಕೊನೆ ಮೂರು ಊಟದಲ್ಲಿ ಎರಡು 'ತಿನ್ನಲಿಲ್ಲ' ಅಂತಿತ್ತು, ಅವರೇ ಪ್ರಾಮಾಣಿಕವಾಗಿ ತೋರ್ಸಿದ್ರು. ಸಾದಾ ಅಮೆಲ್ ಮರಿ ಎಂಟಕ್ಕೆ ಎಂಟೂ ತಿಂದಿದೆ. ನಮ್ಮೆದುರು ಪಿಂಕಿ ಇಟ್ರು, ಮೊದಲು ಸುಮ್ನೆ ನಾಲಿಗೆ ಆಡಿಸ್ತಾ ಇತ್ತು, ನಾನು ಉಸಿರು ಬಿಗಿ ಹಿಡಿದು ನೋಡ್ತಿದ್ದೆ, ಆಮೇಲೆ ಒಂದೇ ಏಟಿಗೆ ಹಿಡಿದು ಎರಡು ಸುತ್ತು ಸುತ್ಕೊಂಡು ತಲೆ ಕಡೆಯಿಂದ ನುಂಗಕ್ಕೆ ಶುರು ಮಾಡ್ತು. ಟಿಶ್ಯೂ ಒರೆಸಿದ್ವಿ, ಏನೂ ಇಲ್ಲ. ಅಡ್ವಾನ್ಸ್ ಕೊಟ್ಟು ಬಂದಿದೀನಿ. ಅವ್ವ ವಿಡಿಯೋ ಪೂರ್ತಿ ನೋಡಿದ್ರು, ಕೊನೇಲಿ "ಇಷ್ಟೇಯಾ ಇದು?" ಅಂದ್ರು.

ಬಾಕ್ಸ್ ಒಂದು ವಾರದಿಂದ ಖಾಲಿ ಓಡಿಸ್ತಿದೀನಿ. ಬಿಸಿ ಕಡೆ 29, ತಣ್ಣನೆ ಕಡೆ 25 ತೋರಿಸ್ತಿದೆ. ಮಧ್ಯಾಹ್ನ ಮಾತ್ರ ಬಿಸಿ ಕಡೆ 33ಕ್ಕೆ ಹೋಗ್ತಿದೆ, ಹೆಂಚಿನ ಮನೆ. ಇದು ಸರಿ ಮಾಡೋವರೆಗೂ ಮರಿ ತರಲ್ಲ.

ಯಾದವಗಿರಿ_9

33 ಜಾಸ್ತಿ ಆಯ್ತು. ಬಾಕ್ಸು ಪಶ್ಚಿಮದ ಗೋಡೆ ಪಕ್ಕ ಇದ್ರೆ ಅಲ್ಲಿಂದ ತೆಗೆದು ಮನೆ ನಡುಮಧ್ಯ ನೆಲದ ಹತ್ರ ಇಡಿ, ಥರ್ಮೋಸ್ಟಾಟ್ ಪ್ರೋಬ್ (ಬಿಸಿ ಅಳೆಯೋ ವೈರಿನ ತುದಿ) ಮ್ಯಾಟ್ ಮೇಲೇ ಟೇಪ್ ಹಾಕಿ ಅಂಟ್ಸಿದೀರಾ ಇಲ್ಲಾ ಗಾಳೀಲಿ ನೇತಾಡ್ತಿದೆಯಾ? ಫೋಟೋ ಹಾಕಿ ನೋಡೋಣ.